ಆನೆಯ ಸುದ್ದಿ, ಆನೆಯ ಚಿತ್ರ

ಲಿಂಗಮ್ಮನ ಫೋನು ಸದ್ದು ಮಾಡಿದಾಗ ಆನೆಗಳು ಆಗಲೇ ಕಾಫಿ ಗಿಡಗಳ ನಡುವೆ ಇದ್ದವು. ಮೊದಲು ಕಂಡದ್ದು ಒಂದು ಬೆನ್ನು. ಸಿಲ್ವರ್ ಓಕ್ ಮರಗಳ ಸಾಲಿನ ಆಚೆ ಮಂಜಿನಲ್ಲಿ ಅದು ಮಣ್ಣಿನ ದಿಬ್ಬದ ಹಾಗೆ ತೋರಿತು, ಆಮೇಲೆ ಅಲುಗಿತು. ಲಿಂಗಮ್ಮ ಕೂಗಲಿಲ್ಲ. ಹತ್ತಿರವಿದ್ದವಳ ರಟ್ಟೆ ಹಿಡಿದು ಎಳೆದಳು, ಅವಳು ಇನ್ನೊಬ್ಬಳನ್ನು ಎಳೆದಳು. ಹನ್ನೊಂದು ಹೆಂಗಸರು ಕಾಫಿ ಹಣ್ಣಿನ ಚೀಲಗಳನ್ನು ಅಲ್ಲೇ ಬಿಟ್ಟು ಇಳಿಜಾರಿನಲ್ಲಿ ಓಡಿದರು. ಮುನಿಯಮ್ಮ ಬೇರಿಗೆ ಕಾಲು ಸಿಕ್ಕಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೆಳಗೆ ಕಾಫಿ ದಾಸ್ತಾನಿಡುವ ಸ್ಟೋರಿನ ಬಾಗಿಲು ಹಾಕಿಕೊಂಡ ಮೇಲೆಯೇ ಲಿಂಗಮ್ಮ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ತೆಗೆದು ನೋಡಿದ್ದು. ಹತ್ತಿರದಲ್ಲಿ ಆನೆಗಳಿವೆ, ಎಚ್ಚರಿಕೆಯಿಂದಿರಿ ಎಂದು ಅದರಲ್ಲಿ ಬರೆದಿತ್ತು.

ಆ ಸಾಲನ್ನು ಬರೆದವಳು ಹೇಮಶ್ರೀ. ಆಲೂರಿನ ಕಡೆಯ ಮೂರು ಎಕರೆ ಕಾಫಿಯ ಮನೆಯ ಹುಡುಗಿ. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ, ಜೊತೆಗೆ ಓದಿದ ರೇವಂತನೊಂದಿಗೆ ಬೆಳಗೋಡಿನಲ್ಲಿ ಅವನಪ್ಪನ ಗೊಬ್ಬರದಂಗಡಿಯ ಮೇಲೆ ಒಂದು ಕೋಣೆ ಮಾಡಿಕೊಂಡಿದ್ದಳು. ಆನೆ ಕಂಡವರು ಫೋನಿನಲ್ಲಿ ತಿಳಿಸಿದರೆ ಸುತ್ತಲಿನ ತೋಟಗಳಲ್ಲಿ ಕೆಲಸ ಮಾಡುವವರಿಗೆಲ್ಲ ಸುದ್ದಿ ಹೋಗುವ ಆ್ಯಪ್ ಒಂದನ್ನು ಇಬ್ಬರೂ ಸೇರಿ ಕಟ್ಟಿದ್ದರು. ಊರಿನ ಬೆಳೆಗಾರರ ಸಂಘ ಒಪ್ಪಿ, ಮೊದಲು ಹೊಂಗಡಹಳ್ಳದ ಒಂದು ಎಸ್ಟೇಟಿನಲ್ಲಿ ನೋಡೋಣ, ಚೆನ್ನಾಗಿ ನಡೆದರೆ ಬಿಸಿಲೆಯವರೆಗೂ ಕೊಡೋಣ ಎಂದಿತ್ತು.

ಮರುದಿನ ಬೆಳಿಗ್ಗೆ ಹೇಮಶ್ರೀ ಸ್ಕೂಟರಿನಲ್ಲಿ ಬಂದಿಳಿದಾಗ ಲಿಂಗಮ್ಮ ಆಳುಗಳ ಲೈನ್ ಮನೆಯ ಮುಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವಳು ಹೆಣ್ಣಾಳುಗಳ ಮೇಸ್ತ್ರಿ. ಎದ್ದು ಒಳಗೆ ಹೋಗಿ, ಆ್ಯಪಿಗೆಂದು ಹನ್ನೊಂದು ಮಂದಿಗೂ ಕೊಟ್ಟಿದ್ದ ಫೋನುಗಳಲ್ಲಿ ತನ್ನದನ್ನು ತಂದು ಹೇಮಶ್ರೀಯ ಕೈಗೆ ಕೊಟ್ಟಳು.

"ಆನೆ ಬಂದ್ಮೇಲೆ ಬರೋ ಸುದ್ದಿ ಇಟ್ಕಂಡು ನಾವೇನ್ ಮಾಡಾದು ಕಣವ್ವ? ಮೊದ್ಲಾದ್ರೆ ಕಿವಿ ಕೊಟ್ಕಂಡು ಕೆಲ್ಸ ಮಾಡ್ತಿದ್ವಿ. ಕಡ್ಡಿ ಮುರಿದ್ರೂ ಗೊತ್ತಾಗ್ತಿತ್ತು. ಈಗ ಫೋನ್ ಹೇಳ್ತದೆ ಅಂತ ಮಾತಾಡ್ಕಂಡು ಕುಯ್ತಿದ್ವಿ. ಹಿಂಗಾಗ್ಬುಡ್ತು."

ಹೇಮಶ್ರೀ ಫೋನಿನಲ್ಲಿ ಸುದ್ದಿ ಬಂದ ಹೊತ್ತು ನೋಡಿಕೊಂಡಳು. ತಾನು ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ ಎಂದಾಗಿದ್ದರೆ ಅವಳು ಸಹಿಸುತ್ತಿದ್ದಳು. ಇದು ಅದಕ್ಕಿಂತ ಕೆಟ್ಟದ್ದು. ಇವರಿಗಿದ್ದ ಎಚ್ಚರವನ್ನೇ ಅದು ಕಿತ್ತುಕೊಂಡಿತ್ತು. ಒಂದೇ ಒಂದು ವಾರ ಫೋನು ಇಟ್ಟುಕೊಂಡಿರಿ ಎಂದು ಅವಳು ಕೇಳಿಕೊಂಡಳು. ಲಿಂಗಮ್ಮ ಅದನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಇಟ್ಟುಕೊಳ್ಳುತ್ತೇನೆ, ಆದರೆ ನಂಬುವುದಿಲ್ಲ ಎಂದಳು.

ಅಲ್ಲಿಂದ ಹೇಮಶ್ರೀ ತಿಮ್ಮಯ್ಯನನ್ನು ಹುಡುಕಿಕೊಂಡು ಹೋದಳು. ಆನೆಗಳ ಜಾಡು ನೋಡಿ ತಿಳಿಸುವುದಕ್ಕೆ ಸಂಘದವರು ಇಟ್ಟುಕೊಂಡಿದ್ದ ಆಳು ಅವನು. ವಯಸ್ಸು ಐವತ್ತು ದಾಟಿತ್ತು. ನಿನ್ನೆ ಎಂಟೂ ಹತ್ತಕ್ಕೇ ಆನೆ ಕಂಡು ಚಿತ್ರ ತೆಗೆದು ಕಳಿಸಿದ್ದೇನೆ ಎಂದು ಅವನು ಫೋನು ತೋರಿಸಿದ. ಲಿಂಗಮ್ಮನಿಗೆ ಸುದ್ದಿ ಮುಟ್ಟಿದ್ದು ಎಂಟೂ ಐವತ್ತೆರಡಕ್ಕೆ. ನಡುವಿನ ನಲವತ್ತೆರಡು ನಿಮಿಷ ಎಲ್ಲಿ ಹೋಯಿತೆಂಬುದು ಅವಳಿಗೆ ಅಲ್ಲೇ ನಿಂತಲ್ಲೇ ಗೊತ್ತಾಯಿತು.

ಎಲ್ಲವನ್ನೂ ಕ್ಲೌಡಿನಲ್ಲಿ ಫೈಲುಗಳಾಗಿ ಇಡಬೇಕೆಂಬುದು ಅವಳದೇ ಯೋಚನೆ. ಆನೆ ಕಂಡರೆ ಒಂದು ಚಿತ್ರ, ಅದರ ಜೊತೆ ಎಲ್ಲಿ, ಎಷ್ಟು ಎಂದು ಬರೆದ ಒಂದು ಪುಟ್ಟ ಫೈಲು, ಎರಡೂ ಆ ದಿನದ ಫೋಲ್ಡರಿಗೆ. ಎಷ್ಟು ದೊಡ್ಡ ಚಿತ್ರವಿದ್ದರೂ ಕ್ಲೌಡು ಬೇಡ ಎನ್ನುವುದಿಲ್ಲ, ಕಳೆದುಹೋಗುವುದೂ ಇಲ್ಲ. ಆದರೆ ಕಾಡಿನ ಅಂಚಿನಲ್ಲಿ ತಿಮ್ಮಯ್ಯನ ಫೋನಿಗೆ ಸಿಗುತ್ತಿದ್ದದ್ದು ಒಂದು ಗೀಟು ಸಿಗ್ನಲ್. ಅಷ್ಟು ಸಿಗ್ನಲ್ಲಿನಲ್ಲೇ ಚಿತ್ರ ಪೂರ್ತಿ ಹೋಗಿ ಮುಟ್ಟಬೇಕು, ಆಮೇಲೆ ಪುಟ್ಟ ಫೈಲು ಹೋಗಬೇಕು, ಆಮೇಲೆ ಈ ಆನೆ ಯಾರ ಹತ್ತಿರವಿದೆ ಎಂದು ತಿಳಿಯಲು ಫೋಲ್ಡರಿನಲ್ಲಿರುವ ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಬೇಕು. ಸಿಗ್ನಲ್ ಚೆನ್ನಾಗಿರುವ ಬೆಳಗೋಡಿನಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿತ್ತು. ಅವರು ಪರೀಕ್ಷೆ ಮಾಡಿದ್ದು ಅಲ್ಲಿ ಮಾತ್ರ.

"ನಾನು ಮೊದ್ಲೇ ಹೇಳಿದ್ದೆ," ಎಂದ ರೇವಂತ, ಅವಳು ಬೆಳಗೋಡಿನ ಕೋಣೆಗೆ ಬಂದು ಇದನ್ನು ತಿಳಿಸಿದಾಗ. ಹೇಳಿದ್ದು ನಿಜವೇ. ನೋಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಹಾಕೋಣ ಎಂದು ಅವನು ಮೊದಲ ದಿನದಿಂದ ಪಟ್ಟು ಹಿಡಿದಿದ್ದ. ಅಲ್ಲಿ ಪ್ರತಿ ಆನೆಯ ಸುದ್ದಿಯೂ ಒಂದು ಚಿಕ್ಕ ಚೀಟಿ ಇದ್ದ ಹಾಗೆ. ಹೊಂಗಡಹಳ್ಳದ ಸುತ್ತ ಇವತ್ತು ಕಂಡದ್ದು ಎಂದು ಕೇಳಿದರೆ ಬೇಕಾದ ಚೀಟಿಯೊಂದೇ ಕೈಗೆ ಬರುತ್ತದೆ. ಹೊಸದೊಂದು ಬಿದ್ದ ಕೂಡಲೇ ಕಾಯುತ್ತಿರುವ ಫೋನುಗಳಿಗೆಲ್ಲ ತಾನಾಗಿಯೇ ಹೋಗುತ್ತದೆ. ಹೇಮಶ್ರೀ ಅವತ್ತು ವಾದ ಮಾಡಿ ಗೆದ್ದಿದ್ದಳು. ಈಗ ಸೋತೆ ಎಂದು ಒಪ್ಪಿಕೊಂಡು, ಮೂರು ತಿಂಗಳ ತನ್ನ ಕೆಲಸವನ್ನು ಪಕ್ಕಕ್ಕಿಟ್ಟು, ಶನಿವಾರ ಇಡೀ ದಿನ ಅವನ ಜೊತೆ ಕೂತು ಎಲ್ಲವನ್ನೂ ಡೇಟಾಬೇಸಿಗೆ ಸಾಗಿಸಿದಳು.

ಸಂಜೆ ನಾಲ್ಕರ ಹೊತ್ತಿಗೆ ಅದೂ ಕೈಕೊಟ್ಟಿತು. ಚಿತ್ರವನ್ನೂ ಚೀಟಿಯೊಳಗೇ ತುರುಕಿದ್ದರು. ಒಂದು ಚೀಟಿಯಲ್ಲಿ ಇಷ್ಟೇ ಹಿಡಿಸುತ್ತದೆ ಎಂಬ ಮಿತಿ ಆ ಡೇಟಾಬೇಸಿಗಿತ್ತು. ತಿಮ್ಮಯ್ಯನ ಚಿತ್ರ ಅದರ ನಾಲ್ಕು ಪಟ್ಟು. ರೇವಂತ ಚಿತ್ರವನ್ನು ಕುಗ್ಗಿಸಿದ. ಕುಗ್ಗಿಸಿದ ಚಿತ್ರದಲ್ಲಿ ಆನೆ ಆನೆಯ ಹಾಗಿತ್ತು ಅಷ್ಟೆ, ಕಿವಿಯ ಅಂಚು ಹರಿದದ್ದು ಕಾಣುತ್ತಿರಲಿಲ್ಲ. ಯಾವ ಆನೆ ಎಂದು ಅರಣ್ಯ ಇಲಾಖೆಯವರು ಗುರುತು ಹಿಡಿಯುವುದೇ ಕಿವಿಯ ಹರುಕಿನಿಂದ. ಅದು ಕಾಣದಿದ್ದರೆ ಚಿತ್ರವೇ ಬೇಡ. ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತ, ಕೆಳಗಿನ ಅಂಗಡಿಯಿಂದ ರೇವಂತನ ತಂದೆ ವೀರಭದ್ರಯ್ಯನವರು ಮೆಟ್ಟಿಲ ಬುಡಕ್ಕೆ ಬಂದು ಏನಾಯಿತು ಎಂದು ಕೇಳುವಷ್ಟು ದನಿ ಏರಿಸಿದರು.

ಅಷ್ಟರಲ್ಲಿ ತಿಮ್ಮಯ್ಯನ ಕರೆ ಬಂತು. ಆ್ಯಪು ಸರಿಹೋಯಿತೋ ಇಲ್ಲವೋ ಎಂದು ತಿಳಿಯಲು ಮಾಡಿದ್ದ. ಇನ್ನೂ ಇಲ್ಲ, ಚಿತ್ರದ್ದೇ ತೊಂದರೆ ಎಂದು ಹೇಮಶ್ರೀ ಹೇಳಿದಳು. ಅವನಿಗೆ ಅದು ಅರ್ಥವಾಗಲಿಲ್ಲ.

"ಫೋಟೋ ಯಾಕೆ ಬೇಕು ಲಿಂಗಮ್ಮಂಗೆ? ಎಲ್ಲೈತೆ, ಎಷ್ಟೈತೆ, ಮಕ ಯಾವ ಕಡೀಕೈತೆ. ಮೂರು ಮಾತು ಸಾಕು ಓಡಾಕೆ. ಫೋಟೋ ಗಾಡೀಲಿ ಕೂತು ನೋಡೋ ಫಾರೆಸ್ಟ್‌ನೋರಿಗೆ ಕಣವ್ವ. ಅದು ಮಧ್ಯಾಹ್ನಕ್ಕೆ ಬಂದ್ರೂ ಆಯ್ತದೆ."

ಹೇಮಶ್ರೀ ಫೋನು ಕೆಳಗಿಟ್ಟು ರೇವಂತನ ಕಡೆ ನೋಡಿದಳು. ಅವನೂ ಕೇಳಿಸಿಕೊಂಡಿದ್ದ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಮೂರು ತಿಂಗಳಿಂದ ಇದೋ ಅದೋ ಎಂದು ಜಗಳವಾಡಿದ್ದರು. ಸುದ್ದಿ ಬೇರೆ, ಚಿತ್ರ ಬೇರೆ, ಎರಡೂ ಒಂದೇ ಜಾಗದಲ್ಲಿ ಇರಲೇಬೇಕಿಲ್ಲ ಎಂಬುದು ಅಷ್ಟು ದಿನದಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ. ರೇವಂತ ಬಿಳಿ ಹಲಗೆಯ ಮೇಲಿದ್ದದ್ದನ್ನೆಲ್ಲ ಅಂಗಿಯ ತೋಳಿನಿಂದಲೇ ಒರೆಸಿ ನಡುವೆ ಒಂದು ಗೆರೆ ಎಳೆದ. ಚೀಟಿ ಡೇಟಾಬೇಸಿಗೆ, ಮೊದಲು ಹೋಗಬೇಕು. ಚಿತ್ರ ಕ್ಲೌಡಿನ ಫೋಲ್ಡರಿಗೆ, ಸಿಗ್ನಲ್ ಸಿಕ್ಕಾಗ ಹೋದರೆ ಸಾಕು. ಚಿತ್ರ ಎಲ್ಲಿದೆ ಎಂಬ ವಿಳಾಸವೊಂದು ಚೀಟಿಯಲ್ಲಿರಲಿ. ಹೇಮಶ್ರೀಯ ಕೆಲಸದಲ್ಲಿ ಅರ್ಧ ಉಳಿಯಿತು, ರೇವಂತನ ಕೆಲಸದಲ್ಲಿ ಅರ್ಧ. ಭಾನುವಾರ ಊಟಕ್ಕೆ ಕೂಡ ಮೆಟ್ಟಿಲಿಳಿಯದೆ ಮುಗಿಸಿದರು.

ಸೋಮವಾರ ಹೇಮಶ್ರೀ ಹೊಂಗಡಹಳ್ಳಕ್ಕೆ ಹೋದಳು. ಸುಮ್ಮನೆ ಒಂದು ಸುದ್ದಿ ಕಳಿಸಿ ನೋಡು ಎಂದು ತಿಮ್ಮಯ್ಯನಿಗೆ ಹೇಳಿದರೆ ಅವನು ಸುತರಾಂ ಒಪ್ಪಲಿಲ್ಲ. ಆನೆಯ ಹೆಸರಿನಲ್ಲಿ ಸುಳ್ಳು ಹೇಳಬಾರದಂತೆ. ಹಾಗಾಗಿ ನಿಜವಾದ ಆನೆಗೇ ಕಾಯಬೇಕಾಯಿತು. ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಎರಡು ದಿನವೂ ಅವಳು ಲಿಂಗಮ್ಮನ ಗುಂಪಿನ ಜೊತೆ ಹಣ್ಣು ಕುಯ್ದಳು. ಹಣ್ಣು ಕುಯ್ಯುವುದು ಮನೆಯಲ್ಲಿ ಮಾಡಿ ಗೊತ್ತಿದ್ದದ್ದೇ. ಅವಳ ಕೈ ಓಡುವುದನ್ನು ಲಿಂಗಮ್ಮ ಓರೆಗಣ್ಣಿನಲ್ಲಿ ನೋಡಿದಳು. ಸಾಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಕಿವಿ ಕೊಟ್ಟುಕೊಂಡೇ ಕೆಲಸ ಮಾಡುತ್ತಿದ್ದರು.

ಬುಧವಾರ ಒಂಬತ್ತೂ ನಲವತ್ತಕ್ಕೆ ಹನ್ನೊಂದು ಸೊಂಟಗಳಲ್ಲಿದ್ದ ಹನ್ನೊಂದು ಫೋನುಗಳೂ ಒಮ್ಮೆಲೇ ಸದ್ದು ಮಾಡಿದವು. ಹಳ್ಳದ ಮೇಲಿನ ಬಂಡೆ, ಐದು, ಮುಖ ಎಸ್ಟೇಟಿನ ಕಡೆಗೆ. ಸುದ್ದಿಯ ಕೆಳಗೆ ಅದನ್ನು ಕಳಿಸಿದ ಹೊತ್ತೂ ಇತ್ತು, ಹೇಮಶ್ರೀ ಗಡಿಯಾರ ನೋಡಿದಳು. ತಿಮ್ಮಯ್ಯ ಒತ್ತಿದ್ದಕ್ಕೂ ಇಲ್ಲಿ ಬಂದದ್ದಕ್ಕೂ ನಡುವೆ ಮೂರು ಸೆಕೆಂಡು. ಅವಳು ಏನಾದರೂ ಹೇಳುವ ಮೊದಲೇ ಲಿಂಗಮ್ಮ ಸೀಟಿ ಊದಿದಳು.

ಈ ಸಲ ಯಾರೂ ಓಡಲಿಲ್ಲ. ಚೀಲಗಳ ಬಾಯಿ ಕಟ್ಟಿ, ಹೊತ್ತುಕೊಂಡು, ಸಾಲಾಗಿ ಇಳಿದರು. ಮುನಿಯಮ್ಮ ಕಟ್ಟು ಹಾಕಿದ ಕೈ ಎದೆಗೊತ್ತಿಕೊಂಡು ಸ್ಟೋರಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿ ಒಳಗೆ ಬಿಟ್ಟಳು. ಎಲ್ಲರೂ ಅಟ್ಟ ಹತ್ತಿ ಕಿಟಕಿಗಳಿಗೆ ಮುಖ ಒಡ್ಡಿ ಕೂತರು. ಎಂಟು ನಿಮಿಷ ಏನೂ ಆಗಲಿಲ್ಲ. ಸುಳ್ಳೇ ಇರಬೇಕು ಎಂದು ಯಾರೋ ಪಿಸುಗುಟ್ಟಿದರು. ಒಂಬತ್ತನೆಯ ನಿಮಿಷಕ್ಕೆ ಮೇಲಿನ ಸಾಲಿನಲ್ಲಿ ಕೊಂಬೆ ಮುರಿದ ಸದ್ದು. ಆಮೇಲೆ ಅವು ಬಂದವು, ಈಗಷ್ಟೇ ಇವರು ನಿಂತಿದ್ದ ಜಾಗದಲ್ಲೇ, ಅವಸರವಿಲ್ಲದೆ, ಒಂದರ ಹಿಂದೆ ಒಂದು. ಹತ್ತು ವರ್ಷದಿಂದ ಆನೆಗೆ ಹೆದರಿ ಬದುಕಿದ ಹೆಂಗಸರು ಅವತ್ತು ಮೊದಲ ಬಾರಿಗೆ ಕೂತು ಆನೆ ನೋಡಿದರು. ಯಾರೋ ಸಣ್ಣಗೆ ನಕ್ಕರು. ಆ ನಗು ಅಟ್ಟದ ತುಂಬ ಹರಡಿತು. ಲಿಂಗಮ್ಮ ಸುಮ್ಮನಿರಿಸಲು ಹೋಗಿ ತಾನೇ ಬಾಯಿಗೆ ಸೆರಗು ಒತ್ತಿಕೊಂಡಳು.

ರೇವಂತ ಬೆಳಗೋಡಿನಿಂದ ಮೇಲಿಂದ ಮೇಲೆ ಕರೆ ಮಾಡುತ್ತಿದ್ದ. ಅವನ ಪರದೆಯ ಮೇಲೂ ಚೀಟಿ ಬಿದ್ದಿತ್ತು, ಅದನ್ನು ನೋಡುತ್ತ ಅವನು ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದ. ಎಲ್ಲರೂ ಅಟ್ಟದ ಮೇಲಿದ್ದೇವೆ ಎಂದು ಹೇಮಶ್ರೀ ಹೇಳಿದಳು. ಅಪ್ಪನಿಗೆ ಹೇಳಿ ಬರುತ್ತೇನೆ ಎಂದು ಅವನು ಮೆಟ್ಟಿಲಿಳಿದು ಓಡಿದ ಸದ್ದು ಕೇಳಿಸಿತು.

ಚಿತ್ರ ಬಂದದ್ದು ಹತ್ತೂವರೆಗೆ, ತಿಮ್ಮಯ್ಯ ಸಿಗ್ನಲ್ ಇರುವ ಏರಿಗೆ ಹತ್ತಿದ ಮೇಲೆ. ಹೇಮಶ್ರೀ ಅದನ್ನು ದೊಡ್ಡದು ಮಾಡಿ ಎಡಗಿವಿಯ ಹರುಕನ್ನು ಎಲ್ಲರಿಗೂ ತೋರಿಸಿದಳು. ಲಿಂಗಮ್ಮ ಕಿವಿ ನೋಡಲಿಲ್ಲ. ಅವಳ ಬೆರಳು ಹೆಣ್ಣಾನೆಯ ಹೊಟ್ಟೆಯ ಕೆಳಗೆ ಹೋಗಿ ನಿಂತಿತು. ಅಲ್ಲಿ ನೆರಳಿನ ಹಾಗೆ ಒಂದು ಮರಿ ಇತ್ತು.

"ಐದು ಅಂತ ಬರೆದ್ರೆ ಸಾಲ್ದು. ಮರಿ ಇದ್ದ ಆನೆ ಬ್ಯಾರೆ ಕಣವ್ವ. ಅದು ದಾರೀಲಿ ಹೋಗ್ತಿರ್ತದೆ, ನಮ್ಮ ವಾಸನೆ ಬಿದ್ರೆ ನಮ್ ಮೇಲೇ ತಿರುಗ್ಬುಡ್ತದೆ. ಮರಿ ಐತೆ ಅಂತ ಗೊತ್ತಾದ್ರೆ ನಾನು ಸೀಟಿನೂ ಊದಾಕಿಲ್ಲ, ಕೈ ಸನ್ನೇಲೆ ಇಳಿಸ್ತೀನಿ. ಅದನ್ನ ಬರೆಯಾಕೆ ಜಾಗ ಐತಾ ಇದ್ರಲ್ಲಿ?"

ಇರಲಿಲ್ಲ. ಇನ್ನೂರು ಚಿಲ್ಲರೆ ಹಳೆಯ ಚೀಟಿಗಳಲ್ಲಿ ಎಲ್ಲೂ ಮರಿಯ ಮಾತಿಲ್ಲ. ಆದರೆ ಈ ಡೇಟಾಬೇಸಿನಲ್ಲಿ ಎಲ್ಲ ಚೀಟಿಗಳೂ ಒಂದೇ ಅಚ್ಚಿನಲ್ಲಿರಬೇಕೆಂಬ ನಿಯಮವಿಲ್ಲ. ಹಳೆಯವನ್ನು ಮುಟ್ಟದೆ ಹೊಸದರಲ್ಲಿ ಒಂದು ಸಾಲು ಹೆಚ್ಚಿಗೆ ಬರೆದರಾಯಿತು. ಹೇಮಶ್ರೀ ಲ್ಯಾಪ್‌ಟಾಪ್ ತೆಗೆದು ಅಟ್ಟದ ಮೆಟ್ಟಿಲ ಮೇಲೆ ಕೂತಳು. ಏನು ಬರೆಯಬೇಕೆಂದು ಲಿಂಗಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿಕೊಟ್ಟಳು. ಹೆಂಗಸರು ಬುತ್ತಿ ಬಿಚ್ಚಿ ಊಟ ಮುಗಿಸುವ ಹೊತ್ತಿಗೆ ಫೋನುಗಳಲ್ಲಿ 'ಮರಿ ಐತಾ' ಎಂಬ ಹೊಸ ಸಾಲು ಕಾಣಿಸಿಕೊಂಡಿತ್ತು. ಐತಾ ಎಂದೇ ಇರಲಿ, ಇದೆಯೇ ಎಂದು ಬೇಡ ಎಂದು ಲಿಂಗಮ್ಮ ಹೇಳಿದ್ದಳು.

ಆನೆಗಳು ಹಳ್ಳ ದಾಟಿ ಬಿಸಿಲೆಯ ಕಡೆ ಹೋದವೆಂದು ತಿಮ್ಮಯ್ಯನಿಂದ ಸುದ್ದಿ ಬಂದ ಮೇಲೆ ಎಲ್ಲರೂ ಮತ್ತೆ ಮೇಲಕ್ಕೆ ಹತ್ತಿದರು. ಮಂಜು ಹರಿದು ಬಿಸಿಲು ಬಿದ್ದಿತ್ತು. ತುಳಿದ ಜಾಗದಲ್ಲಿ ಎರಡು ಗಿಡ ಮುರಿದಿದ್ದವು, ಹಣ್ಣು ಮಣ್ಣಿನಲ್ಲಿ ಚೆಲ್ಲಿತ್ತು. ಲಿಂಗಮ್ಮ ಕೈಯೆತ್ತಿ ಹಿಂದಿನವರನ್ನು ನಿಲ್ಲಿಸಿದಳು. ಒದ್ದೆ ನೆಲದಲ್ಲಿ ಮೊರದಷ್ಟು ಅಗಲದ ಹೆಜ್ಜೆಯೊಂದು ಮೂಡಿತ್ತು, ಅದರ ಒಳಗೆ ಅಂಗೈ ಅಗಲದ ಇನ್ನೊಂದು. ಹೇಮಶ್ರೀಯೂ ಸೇರಿ ಹನ್ನೆರಡು ಹೆಂಗಸರು ಸುತ್ತ ನಿಂತು ನೋಡಿದರು. ಚಿಕ್ಕ ಹೆಜ್ಜೆಯಲ್ಲಿ ನೀರು ನಿಧಾನವಾಗಿ ಜಿನುಗುತ್ತಿತ್ತು.