ಉಪ್ಪುನೀರು ಬಿದ್ದ ಪೆಟ್ಟಿಗೆ

ರೂಪೇಶ ಮಾಡಿದ ಪೆಟ್ಟಿಗೆ ಅಂಗೈಯಲ್ಲಿ ಹಿಡಿಸುತ್ತಿತ್ತು. ಜಗದೀಶನಿಗೆ ಮೊದಲು ಹೊಟ್ಟೆ ಉರಿದದ್ದು ಅದಕ್ಕೇ. ಅವನದು ಎರಡೂ ಕೈಯಲ್ಲಿ ಎತ್ತಬೇಕಾದ ಪೆಟ್ಟಿಗೆ.

ಅಂಕೋಲೆಯ ರಾಮನಾಥಣ್ಣನ ಗ್ಯಾರೇಜಿನಲ್ಲಿ ಮೀನು ಮಾರುವವರ ಹಳೆಯ ಆಟೋಗಳ ಇಂಜಿನ್ ಕಿತ್ತು ಬ್ಯಾಟರಿ, ಮೋಟರು ಕೂಡಿಸುತ್ತಿದ್ದರು. ಚಾಲಕ ಆಕ್ಸಿಲರೇಟರ್ ಹಿಡಿಯನ್ನು ಎಷ್ಟು ತಿರುಗಿಸಿದ್ದಾನೆಂದು ಓದಿ ಮೋಟರಿಗೆ ಹೇಳುವುದು ಈ ಪೆಟ್ಟಿಗೆಯ ಕೆಲಸ. ತಪ್ಪು ಓದಿದರೆ ಗಾಡಿ ತನ್ನಷ್ಟಕ್ಕೆ ಓಡುತ್ತದೆ. ಹಾಗಾಗಿ ಏನೇ ಕೆಟ್ಟರೂ ಗಾಡಿ ನಿಲ್ಲಬೇಕೇ ಹೊರತು ಓಡಬಾರದು. ಸಂಜೆ ಕ್ಲಾಸಿನಲ್ಲಿ ತೂಕಡಿಸುತ್ತಲೇ ಡಿಪ್ಲೊಮಾ ಮುಗಿಸಿದ ಜಗದೀಶ ಎಂಟು ತಿಂಗಳು ಇದೇ ಚಿಂತೆಯಲ್ಲಿ ಕಳೆದಿದ್ದ. ಹಿಡಿಯೊಳಗೆ ಎರಡು ದುಬಾರಿ ಸೆನ್ಸರ್ ಹಾಕಿದ್ದ. ಎರಡೂ ಒಂದೇ ಮಾತು ಹೇಳಿದರೆ ಹಸಿರು ದೀಪ. ಹೇಳದಿದ್ದರೆ ಕೆಂಪು ದೀಪ, ಮೋಟರು ಬಂದ್.

ಮೂರು ತಿಂಗಳ ಹಿಂದೆ ಮಾಜಾಳಿಯ ರೂಪೇಶ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ. ಅವನೂ ಎರಡು ಸೆನ್ಸರ್ ಹಾಕಿದ, ಆದರೆ ಅಗ್ಗದವು. ಒಂದನ್ನು ತಲೆಕೆಳಗಾಗಿ ಜೋಡಿಸಿದ. ಹಿಡಿ ತಿರುಗಿದಂತೆ ಒಂದರ ಅಳತೆ ಏರುತ್ತದೆ, ಇನ್ನೊಂದರದು ಅಷ್ಟೇ ಇಳಿಯುತ್ತದೆ. ಖರ್ಚು ಜಗದೀಶನದರ ಮೂರರಲ್ಲೊಂದು.

"ಏರೂದೊಂದು, ಇಳಿಯೂದೊಂದು. ಇದೆಂತಾ, ತಕ್ಕಡಿಯಾ?" ಎಂದು ಜಗದೀಶ ನಕ್ಕಿದ್ದ. ಬೇರೆ ಯಾರೂ ನಗಲಿಲ್ಲ. ರಾಮನಾಥಣ್ಣ ಅದನ್ನು ಬಂದುಹೋದವರಿಗೆಲ್ಲ ತೋರಿಸುತ್ತಿದ್ದ: "ನಮ್ಮ ರೂಪೇಶ ಮಾಡಿದ್ದು." 'ನಮ್ಮ ಜಗದೀಶ' ಎಂದು ಎಂದಾದರೂ ಹೇಳಿದ್ದನೇ? ಜಗದೀಶ ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಮನೆಯಲ್ಲಿ ಹೆಂಡತಿ ರಂಜನಾ ಕೂಡ, ಊಟಕ್ಕೆ ಬಂದ ರೂಪೇಶ ಹತ್ತೇ ನಿಮಿಷದಲ್ಲಿ ಮಿಕ್ಸರ್ ಸರಿಮಾಡಿದ್ದನ್ನು ಇನ್ನೂ ಹೇಳುತ್ತಿದ್ದಳು. ಅದೇ ಮಿಕ್ಸರನ್ನು ಜಗದೀಶ ನಾಲ್ಕು ತಿಂಗಳಿಂದ 'ನಾಳೆ ನೋಡ್ತೆ' ಎನ್ನುತ್ತಿದ್ದ. ಈಗ ಅದರ ಸದ್ದು ಕೇಳಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹನ್ನೆರಡು ಗಾಡಿಗಳಿಗೆ ಯಾರ ಪೆಟ್ಟಿಗೆ ಎಂಬುದು ಆ ಶನಿವಾರ ಸಂಜೆ ತೀರ್ಮಾನವಾಗಬೇಕಿತ್ತು. ಜಗದೀಶನದು ನಾಲ್ಕು ದಿನದಿಂದ ದಮಯಂತಿಯ ಗಾಡಿಯಲ್ಲಿ ಓಡುತ್ತಿತ್ತು. ಕಾರವಾರದ ಬಂದರಿನಲ್ಲಿ ಮೀನು ತುಂಬಿಕೊಂಡು ಅಂಕೋಲೆಯ ಸುತ್ತಲ ಊರುಗಳಲ್ಲಿ ಮಾರುವವಳು ಅವಳು. ಅಂದು ಬೆಳಿಗ್ಗೆ ಗ್ಯಾರೇಜಿನೆದುರು ನಿಲ್ಲಿಸಿದಾಗ ಗಾಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಂತಾ ದಮಯಂತಕ್ಕಾ, ಗಾಡಿಗೂ ಸ್ನಾನವಾ?" ಜಗದೀಶ ಕೇಳಿದ.

"ಮತ್ತೆ? ದಿನಾ ಮೀಯಿಸ್ತೆ. ಬಂದರದ ನಲ್ಲಿ ಎದ್ರಿಗೆ ಅಷ್ಟುದ್ದ ಸಾಲು. ಬುಟ್ಟಿ ತೊಳೂದೂ ಸಮುದ್ರದ ನೀರಲ್ಲೇ, ಗಾಡಿ ತೊಳೂದೂ ಅದ್ರಲ್ಲೇ. ನಾಲ್ಕು ಬಾಲ್ದಿ ಹೊಯ್ದ್ರೆ ಮುಗೀತು. ನಿನ್ನ ಪೆಟ್ಟಿಗೆಗೆ ಥಂಡಿ ಆಗೂದಾ ತಮಾ?"

ಅವಳು ನಗುತ್ತ ಭಾವಿಕೇರಿ ಕಡೆ ಹೋದಳು. ಗ್ಯಾರೇಜಿನಲ್ಲಿ ಇಷ್ಟು ದಿನ ಎಲ್ಲರೂ ಬಾವಿಯ ಸಿಹಿನೀರು ಹೊಯ್ದೇ ಪರೀಕ್ಷೆ ಮಾಡಿದ್ದರು. ಕಡಲ ಬದಿಯಲ್ಲೇ ಹುಟ್ಟಿ ಬೆಳೆದರೂ ಉಪ್ಪುನೀರು ಒಬ್ಬರಿಗೂ ಹೊಳೆದಿರಲಿಲ್ಲ. ರೂಪೇಶನ ಅಗ್ಗದ ಮಾಲು ಉಪ್ಪುನೀರಿಗೆ ತಡೆದೀತೇ? ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಜಗದೀಶ ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡ.

ಮಧ್ಯಾಹ್ನ ರಾಮನಾಥಣ್ಣ, ರೂಪೇಶ ಇಬ್ಬರೂ ಎದುರಿನ ಹೋಟೆಲಿಗೆ ಹೊರಟರು. "ಬರೂದಿಲ್ವಾ ಜಗದೀಶಣ್ಣಾ? ಇವತ್ತು ಬಂಗಡೆ ಉಂಟಂತೆ," ರೂಪೇಶ ಕರೆದ.

"ಹಸಿವಿಲ್ಲ."

ಅವರು ರಸ್ತೆ ದಾಟಿದ ಕೂಡಲೇ ಜಗದೀಶ ಕಲ್ಲುಪ್ಪು ತಂದು ಬಾಲ್ದಿಯಲ್ಲಿ ಕದಡಿದ. ಜಾಕಿನ ಮೇಲೆ ಚಕ್ರ ಎತ್ತಿ ನಿಲ್ಲಿಸಿದ ಆಟೋಗೆ ಮೊದಲು ರೂಪೇಶನ ಪೆಟ್ಟಿಗೆ, ಅದರ ಹಿಡಿ ಕೂಡಿಸಿ, ಹಿಡಿ ತಿರುಗಿಸಿ, ಸೆನ್ಸರಿನ ತಂತಿಗಳು ಸೇರುವ ಪ್ಲಗ್ಗಿನ ಮೇಲೆ ನೀರು ಹೊಯ್ದ. ಕ್ಷಣದಲ್ಲಿ ಕೆಂಪು ದೀಪ. ಚಕ್ರ ನಿಂತಿತು.

"ಸತ್ತಿತು!" ಅವನು ಗಟ್ಟಿಯಾಗಿಯೇ ಹೇಳಿದ.

ಆಮೇಲೆ ಗ್ಯಾರೇಜಿನಲ್ಲಿದ್ದ ತನ್ನ ಇನ್ನೊಂದು ಪೆಟ್ಟಿಗೆ, ಹಿಡಿ ಕೂಡಿಸಿ, ತಿರುಗಿಸಿ ಹಿಡಿದು ಅಷ್ಟೇ ನೀರು ಹೊಯ್ದ. ಹಸಿರು ದೀಪ ಆರಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಸಂಜೆ ರಾಮನಾಥಣ್ಣನೆದುರು ಇದನ್ನೇ ಮಾಡಿ ತೋರಿಸಬೇಕು, ರೂಪೇಶನ ಮುಖ ನೋಡಬೇಕು ಎಂದುಕೊಳ್ಳುತ್ತ ಹಿಡಿಯನ್ನು ಬಿಟ್ಟ.

ಚಕ್ರ ನಿಲ್ಲಲಿಲ್ಲ. ಇನ್ನೂ ಜೋರಾಯಿತು.

ಮುಖ್ಯ ಸ್ವಿಚ್ ಬಂದ್ ಮಾಡಿ ಅವನು ನೆಲದ ಮೇಲೆ ಕೂತುಬಿಟ್ಟ. ಉಪ್ಪುನೀರಿನ ಮೂಲಕ ಕರೆಂಟು ಹರಿದು ಎರಡೂ ಸೆನ್ಸರಿನ ಅಳತೆಯನ್ನು ಒಟ್ಟಿಗೆ ಮೇಲಕ್ಕೆಳೆದಿತ್ತು. ಎರಡೂ ಒಂದೇ ಸುಳ್ಳು ಹೇಳಿದ್ದವು, ಪೆಟ್ಟಿಗೆ ನಂಬಿತ್ತು. ರೂಪೇಶನದರಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಎರಡೂ ಒಟ್ಟಿಗೆ ಏರಿದ್ದರಿಂದ ಸುಳ್ಳು ಸಿಕ್ಕಿಬಿದ್ದಿತ್ತು. ಅದು ಸತ್ತದ್ದಲ್ಲ. ನಿಲ್ಲಬೇಕಾದಲ್ಲಿ ನಿಂತದ್ದು.

ಯಾರೂ ನೋಡಿರಲಿಲ್ಲ. ಒರೆಸಿಬಿಟ್ಟರೆ ಆಯಿತು. ಬಟ್ಟೆ ಕೈಗೆ ತೆಗೆದುಕೊಂಡೂ ಆಗಿತ್ತು. ಆಗ, ಬೆಳಿಗ್ಗೆ ನೀರು ತೊಟ್ಟಿಕ್ಕುತ್ತಿದ್ದ ಆ ಗಾಡಿ ಕಣ್ಣಿಗೆ ಕಟ್ಟಿತು.

ದಮಯಂತಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಎತ್ತಬೇಡ ಎಂದು ಹೇಳಿಕೊಟ್ಟವನು ಅವನೇ. ಮತ್ತೆ ಹಚ್ಚುತ್ತ ಹೋಟೆಲಿಗೆ ಓಡಿದ.

"ನನ್ನ ಪೆಟ್ಟಿಗೆ ಸರಿ ಇಲ್ಲ," ಎಂದ. ನಿಂತಲ್ಲೇ ಎಲ್ಲ ಹೇಳಿದ. ಮೊದಲು ಯಾರ ಪೆಟ್ಟಿಗೆಗೆ, ಯಾತಕ್ಕೆ ಉಪ್ಪುನೀರು ಹೊಯ್ದೆ ಎಂಬುದನ್ನೂ.

ರಾಮನಾಥಣ್ಣನ ತುತ್ತು ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಫೋನು ರಿಂಗಾಯಿತು.

"ಎಂತಾ ತಮಾ, ಏಳು ಸಲ? ಮೀನು ಕೊಡೂದಾ, ನಿನ್ನ ಹತ್ರ ಮಾತಾಡೂದಾ?"

"ದಮಯಂತಕ್ಕಾ, ಗಾಡಿ ನಿಂತದ್ಯಾ?"

"ನಿಂತದ್ಯಪ್ಪಾ, ಭಾವಿಕೇರಿ ಶಾಲೆ ಹತ್ರ."

"ಸೀಟಿನ ಅಡಿಗೆ ಕೆಂಪು ಸ್ವಿಚ್ ಉಂಟಲಾ, ಅದು ಬಂದ್ ಮಾಡು. ನಾ ಬರೂವರೆಗೆ ಹಾಕ್ಬೇಡ."

"ಬೆಳಿಗ್ಗೆ ಇಳಿಜಾರಲ್ಲಿ ಒಂದ್ಸಲ ತಾನೇ ಮುಂದೆ ಎಳ್ದಿತ್ತು ಮಾರಾಯಾ. ಬ್ರೇಕು ಒತ್ತಿ ಹಿಡ್ದೆ. ಹೊಸ ಗಾಡಿ, ಉಮೇದಿ ಜಾಸ್ತಿ ಅಂದ್ಕಂಡೆ."

"ಈಗ್ಲೇ ಬರ್ತೆ," ಎಂದು ಜಗದೀಶ ಫೋನು ಇಟ್ಟ.

ರೂಪೇಶ ಆಗಲೇ ಕೈ ತೊಳೆದಿದ್ದ. ಹೊರಗೆ ಸ್ಕೂಟರ್ ತಿರುಗಿಸುತ್ತ, "ಎರಡು ಸೆನ್ಸರ್ ಬೇಕೇ ಬೇಕು ಅನ್ನೂದು ನಿಮ್ಮ ಪೆಟ್ಟಿಗೆ ಬಿಚ್ಚಿ ನೋಡಿಯೇ ಕಲ್ತದ್ದು ಜಗದೀಶಣ್ಣಾ. ಉಪ್ಪುನೀರು ನನ್ನ ತಲೆಗೂ ಬಂದಿರ್ಲಿಲ್ಲ," ಎಂದ.

ಅವನು ಒಮ್ಮೆಯಾದರೂ ಕುಹಕವಾಡಿದ್ದರೆ ಜಗದೀಶನಿಗೆ ಹಗುರಾಗುತ್ತಿತ್ತು. ಇವನಿಗೆ ಒಳ್ಳೆಯತನವೂ ಇಷ್ಟು ಸಲೀಸಾಗಿ ಬರುತ್ತದಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಸ್ಕೂಟರಿನ ಹಿಂದೆ ಕೂತು, ಗ್ಯಾರೇಜಿನಿಂದ ತಂದ ಆ ಚಿಕ್ಕ ಪೆಟ್ಟಿಗೆ, ಅದರ ಹಿಡಿ ತೊಡೆಯ ಮೇಲೆ ಇಟ್ಟುಕೊಂಡು, ಭಾವಿಕೇರಿ ಬರುವವರೆಗೂ ಪ್ಲಗ್ಗಿನ ಉಪ್ಪನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಹೋದ.

ಪೆಟ್ಟಿಗೆಯನ್ನೂ ಹಿಡಿಯನ್ನೂ ಅವನೇ ಬದಲಾಯಿಸಿದ. ಪ್ಲಗ್ಗಿಗೆ ನೀರು ಹೋಗದಂತೆ ಗ್ರೀಸು ತುಂಬಿದ, ಎರಡು ಸಲ. ದಮಯಂತಿ ಬಗ್ಗಿ ನೋಡಿದಳು.

"ಇಷ್ಟು ಸಣ್ಣದಾ? ಇದು ಯಾರು ಮಾಡಿದ್ದು?"

ರೂಪೇಶ ಏನೋ ಹೇಳಲು ಬಾಯಿ ತೆರೆದ. ಜಗದೀಶ ಸ್ಕ್ರೂ ಬಿಗಿಮಾಡುತ್ತಲೇ, ತಲೆ ಎತ್ತದೆ ಹೇಳಿದ:

"ನಮ್ಮ ರೂಪೇಶ."