ಇಬ್ಬರಿಗೂ ಒಂದೇ ಮಾತ್ರೆ

ಕುಲ್ವಾನ ಜ್ವರ ಮತ್ತೆ ಬಂದಿತ್ತು. ಅಂತೂ ಹೋಯಿತಪ್ಪ ಅಂತ ಸೊಮೊಯೆ ಉಸಿರು ಬಿಟ್ಟು ಇನ್ನೂ ವಾರವಾಗಿರಲಿಲ್ಲ. ಬೆಳಿಗ್ಗೆ ಮಗುವಿನ ಮೈ ಮುಟ್ಟಿದರೆ ಕಾದ ಹೆಂಚು. ಕುಡಿಸಿದ ಗಂಜಿಯೆಲ್ಲ ವಾಪಸು ಬಂತು. ಕಣ್ಣು ಅರೆತೆರೆದಿದ್ದರೂ ಎದುರಿಗಿದ್ದ ಅಮ್ಮನ ಗುರುತು ಅವನಿಗೆ ಹತ್ತುತ್ತಿರಲಿಲ್ಲ.

ಮಳೆ ಹಿಡಿಯಿತೆಂದರೆ ಈ ಕಿಲೊಂಬೆರೊ ಬಯಲಿನವರೆಲ್ಲ ಊರಿನ ಮನೆಗೆ ಬೀಗ ಹಾಕಿ, ಹೊಳೆ ದಾಟಿ, ಭತ್ತದ ಗದ್ದೆಯಲ್ಲಿ ಕಂಬದ ಮೇಲೆ ಕಟ್ಟಿದ ಗುಡಿಸಲಿಗೆ ಬಂದುಬಿಡುತ್ತಾರೆ. ಕೊಯ್ಲು ಮುಗಿಯುವವರೆಗೂ ಅಲ್ಲೇ. ಬರದಿದ್ದರೆ ಹಕ್ಕಿಗೂ ಕಾಡುಹಂದಿಗೂ ಊಟಕ್ಕೆ ಕರೆದ ಹಾಗೆ. ಆಸ್ಪತ್ರೆ ಮಾತ್ರ ಊರಲ್ಲೇ ಉಳಿಯುತ್ತದೆ, ಅದೇನು ಗಂಟುಮೂಟೆ ಕಟ್ಟಿಕೊಂಡು ಹಿಂದೆ ಬರುತ್ತದೆಯೇ? ಹಾಳಾದ ಸೊಳ್ಳೆ ಮಾತ್ರ ಬರುತ್ತದೆ, ಕರೆಯದೆಯೇ ಬರುತ್ತದೆ.

ಗಂಡ ಬಕಾರಿ ಹಕ್ಕಿ ಓಡಿಸಲು ಡಬ್ಬಿ ಕಟ್ಟಿದ ಹಗ್ಗ ಜಗ್ಗುತ್ತ ಗದ್ದೆಯಿಂದಲೇ ಕೂಗಿದ, "ಮೊನ್ನೆ ತಾನೇ ಆಸ್ಪತ್ರೆಗೆ ಹೋಗಿ ಬಂದ್ಯಲ್ಲೇ?"

"ಹೂಂ, ಜ್ವರಕ್ಕೆ ನಾನೇ ಬಾ ಅಂತ ಹೇಳಿಕಳಿಸಿದ್ದೆ! ಆ ಹಗ್ಗ ನಂಗೆ ಕೊಡು, ಮಗೂನ ನೀನು ಹೊತ್ಕೊ."

ಬಕಾರಿ ಮತ್ತೆ ಹಗ್ಗ ಜಗ್ಗತೊಡಗಿದ. ಸೊಮೊಯೆ ಕುಲ್ವಾನನ್ನು ಬೆನ್ನಿಗೆ ಕಟ್ಟಿಕೊಂಡಳು. ಅಷ್ಟರಲ್ಲಿ ಅತ್ತೆ ಜೈತುನಿ ಡೋಟೊಳನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ತಯಾರಾಗಿ ನಿಂತಿದ್ದಳು. ಮೂರು ವರ್ಷದ ಡೋಟೊ ಗುಂಡುಕಲ್ಲಿನ ಹಾಗಿದ್ದಳು, ಅವಳಿಗೇನೂ ಆಗಿರಲಿಲ್ಲ.

"ಅವಳ್ಯಾಕತ್ತೆ? ಕೆಸರಲ್ಲಿ ನಿಮಗೂ ಸುಮ್ನೆ ಭಾರ."

"ಅವಳಿಗಳು ಕಣೇ. ಒಬ್ಬ ಹೋದ ಕಡೆ ಇನ್ನೊಬ್ಬಳು ಹೋಗ್ಬೇಕು."

ಸೊಮೊಯೆಗೆ ವಾದ ಮಾಡಲು ತ್ರಾಣವಿರಲಿಲ್ಲ. ಆ ಮನೆಯಲ್ಲಿ ಮೊದಲಿಂದಲೂ ಹೀಗೇ. ಒಬ್ಬನಿಗೆ ಅಂಗಿಯಾದರೆ ಇನ್ನೊಬ್ಬಳಿಗೂ ಅದೇ ಬಟ್ಟೆ, ಒಂದೇ ಬಾಳೆಹಣ್ಣಿದ್ದರೆ ನಡುವೆ ಮುರಿದು ಇಬ್ಬರಿಗೂ. ಅವಳಿಗಳಲ್ಲಿ ಒಂದಕ್ಕೆ ಕೊಟ್ಟು ಒಂದಕ್ಕೆ ಬಿಟ್ಟರೆ, ಬಿಟ್ಟ ಮಗು ಮುನಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋಗುತ್ತದಂತೆ. ಹೋದ ವಾರ ಆಸ್ಪತ್ರೆಯಿಂದ ತಂದ ಹಳದಿ ಮಾತ್ರೆಗಳನ್ನೂ ಜೈತುನಿ ಚಾಕುವಿನಿಂದ ಒಂದೊಂದಾಗಿ ಮುರಿದು ಇಬ್ಬರಿಗೂ ಹಂಚಿದ್ದಳು. ಸಿಸ್ಟರ್ ಇದನ್ನ ಕುಲ್ವಾಗೆ ಅಂತ ಕೊಟ್ಟಿದ್ದು ಎಂದು ಸೊಮೊಯೆ ಗೊಣಗಿದ್ದುಂಟು. ಆದರೆ ಅರ್ಧರ್ಧ ಮಾತ್ರೆಗೇ ಜ್ವರ ಇಳಿದು ಹುಡುಗ ಎದ್ದು ಕುಣಿದಾಡತೊಡಗಿದ್ದನಲ್ಲ, ಗೊಣಗಿದವಳೇ ನಾಚಿ ಸುಮ್ಮನಾಗಿದ್ದಳು.

ಹೊಳೆಯವರೆಗೂ ಮೊಣಕಾಲುದ್ದ ನೀರು. ಒಂದು ಕಾಲು ಕಿತ್ತಿಡುವಷ್ಟರಲ್ಲಿ ಇನ್ನೊಂದು ಹೂತುಕೊಳ್ಳುತ್ತಿತ್ತು. ಇದೇ ದಾರಿಯಲ್ಲಿ ಈ ಮಳೆಗಾಲ ಅದೆಷ್ಟು ಸಲ ಓಡಾಡಿದೆನೋ ಎಂದುಕೊಂಡಳು ಸೊಮೊಯೆ. ಎಲ್ಲಾದರೂ ಕೂತುಬಿಡಬೇಕು, ಯಾರೂ ಎಬ್ಬಿಸಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು. ಬೆನ್ನಿನ ಮೇಲಿನ ಬಿಸಿ ಅವಳನ್ನು ಕೂರಲು ಬಿಡಲಿಲ್ಲ.

"ಏನಜ್ಜಿ, ಜೋಡೆತ್ತು ಹೊಡ್ಕೊಂಡು ಯಾವ ಸಂತೆಗೆ ಹೊರಟ್ರಿ?" ಎಂದ ದೋಣಿಯವನು.

"ನಿನ್ನ ಬಾಯಿಗಿಷ್ಟು ಹುಲ್ಲು ತರೋಣ ಅಂತ. ಬೇಗ ಹುಟ್ಟು ಹಾಕೋ."

ನಡುಹೊಳೆಯಲ್ಲಿ ಬೆನ್ನ ಮೇಲಿನ ಮಗು ಒಮ್ಮೆಲೇ ಸೆಟೆದುಕೊಂಡಿತು. ಸೊಮೊಯೆ ಗಾಬರಿಯಿಂದ ಬಟ್ಟೆ ಬಿಚ್ಚಿ ಮಡಿಲಿಗೆಳೆದುಕೊಂಡಳು. ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು, ಕೈಕಾಲು ಅದುರುತ್ತಿದ್ದವು, ಬಾಯಂಚಿನಲ್ಲಿ ನೊರೆ. "ಕುಲ್ವಾ! ಲೋ ಕುಲ್ವಾ!" ದೋಣಿಯವನ ತಮಾಷೆ ಎಲ್ಲಿ ಹೋಯಿತೋ, ಮೈಮುರಿದು ಹುಟ್ಟು ಹಾಕತೊಡಗಿದ.

ಅದುರು ನಿಂತು ಮಗು ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡ ಮೇಲೆ ಜೈತುನಿ ಮೆಲ್ಲಗೆ ಹೇಳಿದಳು, "ನಂಗೂ ಅವಳಿ ಇದ್ರಲ್ಲ, ನಿನ್ನ ಗಂಡನಿಗಿಂತ ಮೊದಲು, ಎರಡೂ ಗಂಡು. ಅವಳಿ ಅಂದ್ರೆ ನಮ್ಮಲ್ಲಿ ಇಡೋದು ಇವೇ ಹೆಸರಲ್ವಾ, ಆ ಜೋಡೀಗೂ ಕುಲ್ವಾ, ಡೋಟೊ ಅಂತಲೇ ಹೆಸರು. ಕುಲ್ವಾಗೆ ಹಿಂಗೇ ಸೆಳೀತು. ಅವನನ್ನ ಮಣ್ಣು ಮಾಡಿ ಬಂದ ವಾರದಲ್ಲೇ ಡೋಟೊನೂ ಹೋದ. ನಂಗೇನು ಹುಚ್ಚು ಹಿಡಿದಿಲ್ಲ ಸೊಮೊಯೆ. ಅದಕ್ಕೇ ಇವಳನ್ನ ಹೊತ್ಕೊಂಡು ಬಂದಿದ್ದು."

ಸೊಮೊಯೆ ಮಗನ ಎದೆ ಏರಿಳಿಯುತ್ತಿದೆಯೇ ಎಂದಷ್ಟೇ ನೋಡುತ್ತಿದ್ದಳು.

ಆಸ್ಪತ್ರೆಯ ಜಗಲಿ ತುಂಬ ತಾಯಂದಿರು, ಮಡಿಲು ತುಂಬ ಜ್ವರದ ಮಕ್ಕಳು. ಕುಲ್ವಾನನ್ನು ನೋಡಿ ಅವರೆಲ್ಲ ಸರಿದು ದಾರಿ ಬಿಟ್ಟರು. ನರ್ಸ್ ಪೆಲಾಜಿಯಾ ಮಗುವಿನ ರೆಪ್ಪೆ ಎತ್ತಿ ನೋಡಿದಳು, ಬೆರಳು ಚುಚ್ಚಿ ರಕ್ತ ತೆಗೆದಳು.

"ಹೋದ್ಸಲ ಕೊಟ್ಟ ಮಾತ್ರೆ ಮುಗಿಸಿದ್ರಾ?"

"ಮುಗೀತು ಸಿಸ್ಟರ್. ಒಂದೂ ಉಳಿದಿಲ್ಲ." ಸುಳ್ಳೇನೂ ಅಲ್ಲವಲ್ಲ ಎಂದು ಸೊಮೊಯೆ ನೆಲ ನೋಡಿದಳು.

"ಮುಗಿಸಿದ್ರೆ ಇಷ್ಟು ಬೇಗ ಯಾಕೆ ಹಿಂಗಾಯ್ತು?"

ಅಜ್ಜಿಯ ಬೆನ್ನಿನಿಂದ ಡೋಟೊ ಇಣುಕಿದಳು. "ಕುಲ್ವಾ ಥೂ ಅಂತ ಉಗುಳ್ದ. ನಾನು ನನ್ನ ಮಾತ್ರೆ ಉಗುಳ್ಲಿಲ್ಲ. ನಾನು ಜಾಣೆ."

ಪೆಲಾಜಿಯಾಳ ಕೈ ನಿಂತಿತು. ಅವಳು ತಾಯಿಯ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಬೈಗುಳ ಬಂದೇ ಬಂತು ಎಂದು ಸೊಮೊಯೆ ತಲೆ ತಗ್ಗಿಸಿದಳು. ಆದರೆ ಬೆಳಗಿನಿಂದ ನಿಂತೇ ಇದ್ದ ಆ ಹೆಂಗಸಿಗೆ ಬೈಯುವಷ್ಟು ಕಸುವೂ ಉಳಿದಿರಲಿಲ್ಲ.

"ಅರ್ಧ ಮಾತ್ರೆಗೆ ಕಾಯಿಲೆ ಮಲಗುತ್ತೆ ತಾಯಿ, ಸಾಯಲ್ಲ. ಆಮೇಲೆ ಎದ್ದು ಮತ್ತೆ ಬರುತ್ತೆ. ಇಬ್ಬರಿಗೂ ಹಂಚಿದ್ರೆ ಒಬ್ಬರಿಗೂ ಕೊಡದ ಹಾಗೆ."

ಅವಳು ಸೂಜಿಗೆ ಮದ್ದು ತುಂಬಿದಳು. ಜೈತುನಿ ಡೋಟೊಳನ್ನು ಇಳಿಸಿ ಮುಂದೆ ತಳ್ಳಿದಳು. "ಇವಳಿಗೂ ಒಂದು ಚುಚ್ಚಮ್ಮ. ಬರೀ ಸೂಜಿ ತಾಗಿಸಿದ್ರೂ ಸಾಕು. ನಿನ್ನ ಕಾಲಿಗೆ ಬೀಳ್ತೀನಿ."

ನರ್ಸ್ ಸೊಮೊಯೆಯ ಕಡೆ ತಿರುಗಿದಳು.

ಸೊಮೊಯೆಗೆ ಅತ್ತೆಯೆಂದರೆ ಭಯವಿತ್ತು, ಅತ್ತೆ ಹೂತುಬಂದ ಮಕ್ಕಳೆಂದರೆ ಇನ್ನೂ ಹೆಚ್ಚು ಭಯವಿತ್ತು. ನಾಳೆ ಡೋಟೊ ಕೆಮ್ಮಿದರೂ ಊರೆಲ್ಲ ತನ್ನತ್ತಲೇ ಬೆರಳು ತೋರಿಸುತ್ತದೆ. ಆದರೂ ಮಗಳ ಕೈ ಹಿಡಿದು ಹಿಂದಕ್ಕೆಳೆದುಕೊಂಡಳು.

"ಬೇಡ. ಇವಳಿಗೆ ಕಾಯಿಲೆಯಿಲ್ಲ. ಏನಾದ್ರೂ ಆದ್ರೆ ನನ್ನ ಕೇಳಿ."

ಸೂಜಿ ಚುಚ್ಚಿದಾಗ ಕುಲ್ವಾ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತ. ಹೊಳೆಯಿಂದೀಚೆಗೆ ಅವನು ಮಾಡಿದ ಮೊದಲ ಸದ್ದು ಅದು. ಸೊಮೊಯೆ ಅವನಿಗಿಂತ ಜೋರಾಗಿ ಅತ್ತಳು.

ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಗಾಡಿಗೆ ಹೇಳಿಯಾಗಿತ್ತು. ಅಲ್ಲಿವರೆಗೆ ಕಾಯಬೇಕು. ಇಬ್ಬರೂ ಹೆಂಗಸರು ಬೆಂಚಿನ ಮೇಲೆ ಕೂತರು, ನಡುವೆ ಡೋಟೊ ನಿದ್ದೆಹೋದಳು. ಕುಲ್ವಾನ ಹಣೆ ಕೊಂಚ ಬೆವೆತಿತ್ತು. ಅತ್ತೆಯ ಬೈಗುಳಕ್ಕೆ ಸೊಮೊಯೆ ಕಾದಳು. ಹಾಳಾಗಲಿ, ಬೈದರೆ ಬೈಯಲಿ, ಮಗು ಉಳಿದರೆ ಸಾಕು.

ಜೈತುನಿ ಡೋಟೊಳ ತಲೆಯನ್ನು ತೊಡೆಗೆಳೆದುಕೊಂಡು ಕೇಳಿದಳು, "ಆ ಹುಡುಗಿ ಹೇಳಿದ್ದು ನಿಜಾನೇನೇ? ಅರ್ಧ ಮಾತ್ರೆಗೆ ಕಾಯಿಲೆ ಸಾಯಲ್ವಂತಾ?"

"ಸಾಯಲ್ವಂತೆ ಅತ್ತೆ."

ಮುದುಕಿ ತನ್ನ ಅಂಗೈಗಳನ್ನು ನೋಡಿಕೊಂಡಳು.

"ನನ್ನ ಮಕ್ಕಳಿಗೂ ಮಾತ್ರೆ ಸಿಕ್ಕಿತ್ತು ಕಣೇ, ಬಿಳೀದು. ಒಂದು ಚೂರೂ ಹೆಚ್ಚುಕಮ್ಮಿ ಆಗದ ಹಾಗೆ ಮುರಿದು ಕೊಟ್ಟಿದ್ದೆ."