ಅಕ್ಕನಿಗೆಂದು ಬಿಟ್ಟ ಜಾಗ

ಕಿತ್ತಳೆಯ ವಾಸನೆ, ಯಾರೋ ಹತ್ತಿರದಲ್ಲೇ ಸಿಪ್ಪೆ ಸುಲಿಯುತ್ತಿದ್ದಾರೆ, ಈ ಕಪ್ಪು ಮುಸುಕಿನೊಳಗೆ ಬೇರೇನೂ ನುಸುಳುವುದಿಲ್ಲ, ನನ್ನದೇ ಉಸಿರು, ಮೇಣ, ಬೆವರು, ಆದರೂ ಕಿತ್ತಳೆ ಬಂತು, ಹಾಗಾದರೆ ಅಮ್ಮನ ಬಾಗಿಲು ದೂರವಿಲ್ಲ — ಈಗಲೂ ಅಮ್ಮನ ಬಾಗಿಲು ಎಂದೇ ಬಾಯಿಗೆ ಬರುತ್ತದೆ, ಅಲ್ಲಿರುವವಳು ಅಕ್ಕ, ರೊಸೆಂದಾ, ಗಂಡ ಸತ್ತ ಮೇಲೆ ಅವನೂರು ಇಗ್ವಾಲದಿಂದ ಮರಳಿ ಬಂದವಳು. ಚಾಚಿದ ಎರಡೂ ತೋಳಿಗೆ ಮುಳ್ಳಿನ ಹೊರೆ ಬಿಗಿದಿದೆ, ಮುಷ್ಟಿಯಲ್ಲಿ ಮೇಣದಬತ್ತಿ, ಬರಿಬೆನ್ನು, ನಮ್ಮೂರು ತಾಸ್ಕೊದ ಕಲ್ಲುಹಾಸಿನ ಏರು, ಶುಭ ಶುಕ್ರವಾರದ ಬಿಸಿಲು. ಹರಕೆಯೆಂದು ಪ್ರತಿ ವರ್ಷ ಹೊರುತ್ತೇನೆ, ಮುಸುಕು ಹಾಕಿದರೂ ಯಾರಾದರೂ ಗುರುತಿಸಲಿ ಎಂದು ಕೊಂಚ ಕುಂಟುತ್ತೇನೆ ಕೂಡ, ಅಯ್ಯೋ ಎನ್ನಲಿ, ಆ ಅಯ್ಯೋ ಎಷ್ಟು ಸಿಹಿ, ಈ ದಿನಗಳಲ್ಲಿ ಅಮ್ಮ ಮಾಡುತ್ತಿದ್ದ ಕಪಿರೊತಾದದ ಹಾಗೆ, ಬೆಲ್ಲದ ಪಾಕದಲ್ಲಿ ನೆನೆದ ಬ್ರೆಡ್ಡು, ತಳದಲ್ಲಿ ಸೀದು ಅಂಟಿದ್ದು ಅಕ್ಕನಿಗೂ ಇಷ್ಟ, ನನಗೂ ಇಷ್ಟ, ಕೆರೆಯುವ ಚಮಚಕ್ಕಾಗಿ ಜಗಳ. ಆ ಬಾಗಿಲ ಹೊಸ್ತಿಲ ಮೇಲೆ ಕೂತು ಇಬ್ಬರೂ ಮುಳ್ಳು ಹೊತ್ತವರನ್ನು ನೋಡುತ್ತಿದ್ದೆವು, ಅಮ್ಮ ಅವರ ಮುಸುಕನ್ನು ತುಟಿಯವರೆಗೆ ಎತ್ತಿ ಕಿತ್ತಳೆ ಹಿಂಡುತ್ತಿದ್ದಳು, ನಾನು ಹೆದರಿ ಅಕ್ಕನ ಲಂಗದಲ್ಲಿ ಮುಖ ಹುದುಗಿಸಿದರೆ ಅವಳು ಕಿವಿಯಲ್ಲಿ, ಲೋ ಚೆಮೊ, ದೆವ್ವ ಅಲ್ಲ ಕಣೋ, ಬ್ರೆಡ್ ಮಾರೋ ಮಾವ, ಕಾಲ್ಬೆರಳು ನೋಡು. ನವೆಂಬರಿನಲ್ಲಿ ಉಯಿಸ್ತೆಕೊ ಬೆಟ್ಟ, ಒಣ ಎಲೆಗಳಡಿ ನಮ್ಮೂರವರು ತಿನ್ನುವ ಹುಮಿಲ್ ಹುಳು ಹುಡುಕಿ ಜೀವಂತವೇ ಬಾಯಿಗೆ ಹಾಕಿಕೊಂಡರೆ ಒಂದು ನನ್ನ ತುಟಿಯಿಂದ ತೆವಳಿ ಹೊರಗೆ ಬಂತು, ಅಕ್ಕ ನಕ್ಕದ್ದೇ ನಕ್ಕದ್ದು, ಇನ್ನೊಮ್ಮೆ ಹಾಗೆ ನಗಿಸುವುದಾಗಿದ್ದರೆ — ಭಾರ. ಚಿಕ್ಕಪ್ಪನ ಮಗ ತಿಬುರ್ಸಿಯೊ ಹಿಂದಿನಿಂದ ಹೊರೆ ಎತ್ತಿ ಹಿಡಿಯುತ್ತಾನೆ, ಉಸಿರು ತಗೋ. ಉಸಿರಿನ ಜೊತೆ ಅಮ್ಮನ ಕೈ ಬರುತ್ತದೆ. ಸಾಯುವ ಕಾಲದಲ್ಲಿ ಹೊದಿಕೆ ಸವರುವ ಕೈ. ಹಾಸಿಗೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ, ಸುಕ್ಕು ಬಿಡಿಸಿ, ಮತ್ತೆ ಬಿಡಿಸಿ, ರೊಸೆಂದಾ ಬರ್ತಾಳೆ, ಇಗ್ವಾಲಕ್ಕೆ ಹೇಳಿ ಕಳಿಸೋ. ನಾನು ಆ ಜಾಗದಲ್ಲಿ ಕೂತೆ. ಚಳಿಗಾಲವಿಡೀ ಜೋಳದ ಗಂಜಿ ಕುಡಿಸಿದವನು ನಾನು, ಮೈ ಒರೆಸಿದವನು ನಾನು, ಅಮ್ಮ ಬೆರಳ ತುದಿಯಿಂದ ನನ್ನನ್ನು ಮೆಲ್ಲಗೆ ಸರಿಸಿದಳು, ಇದು ಅವಳಿಗೆ ಕಣೋ. ಅಷ್ಟೇ. ಅಷ್ಟಕ್ಕೇ ನಾನು ಹೇಳಿ ಕಳಿಸಲಿಲ್ಲ. ಮಣ್ಣು ಮಾಡಿದ ಮೇಲೆ ಬಂದ ಅಕ್ಕ, ಅಮ್ಮ ನನ್ನ ಕೇಳಿದ್ಲಾ ಎಂದಾಗ, ನಿನ್ನ ಹೆಸರೂ ಎತ್ತಲಿಲ್ಲ ಎಂದೆ. ಅಂದಿನಿಂದ ಅಕ್ಕ ಸಮಾಧಿಗೆ ಹೂವು ತಂದರೆ ತಲೆಯ ಕಡೆ ಇಡುವುದಿಲ್ಲ, ಕಾಲ ಕಡೆ ಇಟ್ಟು ಎದ್ದುಹೋಗುತ್ತಾಳೆ, ಬೇಡವಾದ ಮಗಳ ಹಾಗೆ. ನಾನು ಮರದ ಹಿಂದೆ ನಿಂತು ನೋಡಿದ್ದೇನೆ. ಪಾಪನಿವೇದನೆಗೆ ಹೋಗಿ ಗುರುಗಳ ಮುಂದೆ ಅತ್ತೆ, ಬೆನ್ನಿನ ಗಾಯ ತೋರಿಸಿದೆ, ಅವರು ಗಾಯ ನೋಡಲೇ ಇಲ್ಲ, ಯೇಸುವನ್ನು ಅರಿಯೆನೆಂದ ಪೇತ್ರನೂ ಅತ್ತ, ಹಿಡಿದುಕೊಟ್ಟ ಯೂದನೂ ಮರುಗಿದ, ಒಬ್ಬ ಯೇಸುವಿನ ಕಡೆ ತಿರುಗಿ ಬಂದ, ಇನ್ನೊಬ್ಬ ತನ್ನ ಸಂಕಟವನ್ನೇ ಅಪ್ಪಿಕೊಂಡು ನೇಣಿಗೆ ಹೋದ, ಅಕ್ಕನಿಗೆ ಹೇಳಿದೆಯಾ ಮಗಾ, ಎಂದರು. ಈ ಮುದುಕನಿಗೆ ಕರುಳೇ ಇಲ್ಲ ಎಂದು ಮನೆಗೆ ಬಂದು ಇನ್ನಷ್ಟು ಅತ್ತೆ, ನನಗಾಗಿಯೇ ಅತ್ತೆ, ಅಕ್ಕನಿಗಾಗಿ ಒಂದು ಹನಿಯೂ ಇಲ್ಲ.

ಕಿತ್ತಳೆ, ಮೂಗಿನ ಕೆಳಗೇ. ಮುಸುಕು ತುಟಿಯವರೆಗೆ ಏರುತ್ತದೆ, ಅಕ್ಕನ ಬೆರಳು, ರಸ, ಕುಡಿಯಪ್ಪ, ದೇವರು ನಿನ್ನ ಹರಕೆ ಒಪ್ಪಿಸ್ಕೊಳ್ಳಲಿ. ಕುಡಿದು ಮುಂದೆ ಹೋಗಬಹುದು, ಅವಳು ಬಂದಾಗಿನಿಂದ ಹಾಗೇ ಹೋಗಿದ್ದೇನೆ, ಮುಂದೆ ತಿರುವು, ತಿರುವಿನಲ್ಲಿ ಅಳು, ಎಲ್ಲ ಸಿದ್ಧವಾಗಿದೆ, ಯೇಸುವೇ, ಈ ಮುಳ್ಳು ನೀನು ಕೇಳಿದ್ದಲ್ಲ, ನನಗೆ ಬೇಕೆಂದು ನಾನೇ ಹೊತ್ತದ್ದು — ಅಕ್ಕಾ, ಎಂದೆ. ಬೆರಳು ನಿಂತಿತು. ಮಾತಾಡ್ಬಾರ್ದು ಕಣೋ, ತಿಬುರ್ಸಿಯೊ ಹಿಂದಿನಿಂದ, ಹರಕೆ ಮುರಿಯತ್ತೆ. ಮುರಿಯಲಿ. ಅಕ್ಕಾ, ಅಮ್ಮ ನಿನ್ನ ಕರೆದ್ಲು, ನಾನೇ ಹೇಳಿ ಕಳಿಸಲಿಲ್ಲ, ನಿಂಗೆ ಸುಳ್ಳು ಹೇಳಿದೆ. ಮುಸುಕು ಪೂರ್ತಿ ಮೇಲೆ ಹೋಯಿತು, ಬಿಸಿಲು, ಅಕ್ಕನ ಮುಖ, ಯಾವಾಗ ಇಷ್ಟು ಮುದುಕಿಯಾದಳು. ಬೈಯಲಿಲ್ಲ. ಹೆಂಗೆ ಕರೆದ್ಲು, ಎಂದಳು. ಹೇಗೆಂದು ಹೇಳಲಿ, ಮಾತಿನಲ್ಲಿ ಬರುವುದಿಲ್ಲ, ತೋರಿಸಬೇಕು, ತೋಳು ಕಟ್ಟಿದೆ, ಮೇಣದಬತ್ತಿ ಬಿತ್ತು, ಬೆರಳುಗಳಷ್ಟೇ ಗಾಳಿಯಲ್ಲಿ ಸವರುತ್ತಿವೆ, ಸುಕ್ಕು ಬಿಡಿಸಿ, ಮತ್ತೆ ಬಿಡಿಸಿ, ಒಬ್ಬರು ಕೂರುವಷ್ಟು ಜಾಗ, ಅಕ್ಕ ನೋಡುತ್ತಿದ್ದಾಳೆ, ಹೊದಿಕೆ, ಅಮ್ಮನ ಕೈ, ಅಮ್ಮನ ಕೈ